ಪರ್ಸ್‌ಪೆಕ್ಟಿವ್ ಬಿಡಿಸುವ ಮೊದಲು ಎಲ್ಲಿ ನಿಂತಿದ್ದೀರಿ ಅಂತ ಗೊತ್ತುಮಾಡಿಕೊಳ್ಳಿ

ಪ್ರಶ್ನೆ: ನಾನು ಬಿ.ಆರ್ಕ್ ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ, ಊರು ದಾವಣಗೆರೆ ಕಡೆ. ಪರೀಕ್ಷೆಯಲ್ಲಿ ಪ್ಲಾನ್ ಕೊಟ್ಟು ಪರ್ಸ್‌ಪೆಕ್ಟಿವ್ (ಕಟ್ಟಡ ಕಣ್ಣಿಗೆ ಕಾಣುವ ಹಾಗೆ ಆಳ ತೋರಿಸುವ ಚಿತ್ರ) ಬಿಡಿಸಿ ಅಂದರೆ ಒಂದೊಂದೇ ಸ್ಟೆಪ್ ಮಾಡಿ ಅಂಕ ತೆಗೆದುಕೊಳ್ಳುತ್ತೇನೆ. ಆದರೆ ಸ್ಟುಡಿಯೋದಲ್ಲಿ ನನ್ನದೇ ಡಿಸೈನ್ ಬಿಡಿಸಲು ಕೂತರೆ ಕಟ್ಟಡದ ಮೂಲೆ ಚೂಪಾಗಿ ಮುಂದೆ ಚಾಚಿಕೊಳ್ಳುತ್ತದೆ, ಇಲ್ಲಾಂದ್ರೆ ಇಡೀ ಕಟ್ಟಡ ಆಟಿಕೆ ತರಹ ಕಾಣುತ್ತದೆ. ಹೊರಗೆ ಹೋಗಿ ಸ್ಕೆಚ್ ಮಾಡುವಾಗಲಂತೂ ಯಾವ ಗೆರೆ ಎತ್ತ ಹೋಗಬೇಕು ಅಂತಲೇ ತಿಳಿಯುವುದಿಲ್ಲ. ಸೀನಿಯರ್‌ಗಳು "ಸ್ಕೆಚಪ್ ಸಾಫ್ಟ್‌ವೇರ್ ಕಲಿ ಸಾಕು, ಕೈಯಲ್ಲಿ ಯಾಕೆ ಒದ್ದಾಡ್ತೀಯ" ಅಂತಾರೆ. ಕಲಿಯಲೇಬೇಕಾ? ಕಲಿಯುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸ್ಕೆಚಪ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮೂಲೆ ಯಾಕೆ ಚೂಪಾಗುತ್ತದೆ ಅಂತ ನೋಡೋಣ.

ಪರೀಕ್ಷೆಯಲ್ಲಿ ಸರಿ ಬರುತ್ತದೆ, ಸ್ಟುಡಿಯೋದಲ್ಲಿ ಕೆಡುತ್ತದೆ ಅಂದಿರಿ. ಇದಕ್ಕೆ ಕಾರಣ ಇದೆ. ಪರೀಕ್ಷೆಯ ಪ್ರಶ್ನೆಯಲ್ಲಿ ಎಲ್ಲವನ್ನೂ ಅವರೇ ಕೊಟ್ಟಿರುತ್ತಾರೆ. ಸ್ಟೇಶನ್ ಪಾಯಿಂಟ್ (ನೋಡುವವರು ನಿಂತ ಜಾಗ) ಪಿಕ್ಚರ್ ಪ್ಲೇನ್‌ನಿಂದ (ಚಿತ್ರ ಮೂಡುವ ಸಮತಲದಿಂದ) ಇಷ್ಟು ದೂರ, ಐ ಲೆವೆಲ್ (ಕಣ್ಣಿನ ಮಟ್ಟ) ನೆಲದಿಂದ ಇಷ್ಟು ಎತ್ತರ, ಕಟ್ಟಡ ಇಷ್ಟು ಡಿಗ್ರಿ ತಿರುಗಿದೆ ಅಂತ. ನಿಮಗೆ ಉಳಿಯುವುದು ಗೆರೆ ಎಳೆಯುವ ಕೆಲಸ ಮಾತ್ರ. ಸ್ಟುಡಿಯೋದಲ್ಲಿ ಅದನ್ನೆಲ್ಲ ಕೊಡುವವರು ಯಾರೂ ಇಲ್ಲ. ಆಗ ಏನಾಗುತ್ತದೆ ಅಂದರೆ, ಹಾಳೆಯ ನಡುವೆ ಅಂದಾಜಿಗೆ ಒಂದು ಅಡ್ಡಗೆರೆ, ಅದರ ಎರಡು ತುದಿಗೆ ಎರಡು ಚುಕ್ಕೆ, ಮಧ್ಯದಲ್ಲಿ ಒಂದು ನಿಂತ ಗೆರೆ ಹಾಕಿ ಶುರು ಮಾಡಿಬಿಡುತ್ತೀರಿ. ಆ ಅಡ್ಡಗೆರೆ ಅಲ್ಲೇ ಯಾಕೆ ಬಂತು, ಚುಕ್ಕೆಗಳ ನಡುವೆ ಅಷ್ಟೇ ಅಂತರ ಯಾಕೆ ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ನಾನು ನೋಡಿದ ಎಷ್ಟೋ ಶೀಟ್‌ಗಳ ಕಥೆ ಇದೇ. ಇದರಲ್ಲಿ ವಿದ್ಯಾರ್ಥಿಗಳ ತಪ್ಪು ಕಡಿಮೆ, ಕಲಿಸುವ ಕ್ರಮದ ತಪ್ಪು ಜಾಸ್ತಿ.

ಒಬ್ಬ ಮನುಷ್ಯ ಒಂದು ಜಾಗದಲ್ಲಿ ನಿಂತು ಒಂದು ಕಡೆ ನೋಡುತ್ತಿದ್ದಾನೆ. ಪರ್ಸ್‌ಪೆಕ್ಟಿವ್ ಶುರುವಾಗುವುದು ಅಲ್ಲಿಂದ. ಎಲ್ಲಿ ನಿಂತಿದ್ದಾನೆ, ಕಟ್ಟಡದಿಂದ ಎಷ್ಟು ದೂರ, ಕಣ್ಣು ನೆಲದಿಂದ ಎಷ್ಟು ಎತ್ತರ, ಮುಖ ಯಾವ ಕಡೆಗೆ. ಇಷ್ಟು ಗೊತ್ತುಮಾಡಿಕೊಂಡರೆ ವ್ಯಾನಿಷಿಂಗ್ ಪಾಯಿಂಟ್‌ಗಳು, ಅಂದರೆ ದೂರಕ್ಕೆ ಹೋಗುವ ಸಮಾಂತರ ಗೆರೆಗಳು ಕೂಡಿದಂತೆ ಕಾಣುವ ಚುಕ್ಕೆಗಳು, ಎಲ್ಲಿ ಬರಬೇಕೋ ಅಲ್ಲಿ ತಾವಾಗಿಯೇ ಬರುತ್ತವೆ. ಅವನ್ನು ನಮ್ಮಿಷ್ಟದಂತೆ ಇಡಲು ಬರುವುದೇ ಇಲ್ಲ.

ಇದು ಮನಸ್ಸಿಗೆ ನಾಟಬೇಕಾದರೆ ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋಗಿ. ನಿಮ್ಮ ಊರಿಂದ ದೂರ ಏನಿಲ್ಲ. ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆಯ ಜಾಗ ಇದೆ, ಅಲ್ಲಿನ ಗೋಡೆಯ ಮೇಲೆ ಎದುರಿನ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎಲ್ಲರೂ ನೋಡಿ ಆಶ್ಚರ್ಯಪಟ್ಟು ಬರುತ್ತಾರೆ. ಆರ್ಕಿಟೆಕ್ಚರ್ ಓದುವವರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗೋಪುರದ ಒಂದೊಂದು ಬಿಂದುವಿನಿಂದ ಹೊರಟ ಬೆಳಕು ಒಂದೇ ಒಂದು ಸಣ್ಣ ಕಿಂಡಿಯ ಮೂಲಕ ನೆಟ್ಟಗೆ ಹಾದು ಗೋಡೆಗೆ ಬೀಳುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಎಲ್ಲ ಕಿರಣಗಳೂ ಒಂದೇ ಬಿಂದುವಿನಲ್ಲಿ ಹಾಯುವುದರಿಂದಲೇ ಅಷ್ಟು ದೊಡ್ಡ ಗೋಪುರ ಅಷ್ಟು ಚಿಕ್ಕ ಗೋಡೆಯಲ್ಲಿ ಅಳತೆ ಕೆಡದೆ ಕೂರುತ್ತದೆ. ಈಗ ಆ ಕಿಂಡಿಯ ಜಾಗದಲ್ಲಿ ನಿಮ್ಮ ಕಣ್ಣು ಇದೆ ಅಂದುಕೊಳ್ಳಿ. ಹಿಂದಿನ ಗೋಡೆಯ ಬದಲು ಕಣ್ಣಿನ ಮುಂದೆ ಒಂದು ಗಾಜು ನಿಲ್ಲಿಸಿ, ಕಿರಣ ಗಾಜನ್ನು ದಾಟುವಲ್ಲೆಲ್ಲ ಚುಕ್ಕೆ ಇಡುತ್ತಾ ಹೋದರೆ ಸಿಗುವ ಚಿತ್ರವೇ ಪರ್ಸ್‌ಪೆಕ್ಟಿವ್. ಆ ಗಾಜೇ ಪಿಕ್ಚರ್ ಪ್ಲೇನ್, ಕಣ್ಣೇ ಸ್ಟೇಶನ್ ಪಾಯಿಂಟ್. ಕಣ್ಣು ಒಂದಡಿ ಆಚೆ ಸರಿದರೆ ಗಾಜಿನ ಮೇಲಿನ ಪ್ರತಿ ಚುಕ್ಕೆಯೂ ಸರಿಯುತ್ತದೆ.

ಇದನ್ನು ಲೆಕ್ಕಕ್ಕೆ ಕೂರಿಸಿದವರೂ ಕಟ್ಟಡ ಕಟ್ಟುವವರೇ. ಹದಿನೈದನೇ ಶತಮಾನದ ಶುರುವಿನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಬ್ರುನೆಲೆಸ್ಕಿ ಒಂದು ಹಲಗೆಯ ಮೇಲೆ ಅಲ್ಲಿನ ಬ್ಯಾಪ್ಟಿಸ್ಟರಿಯ (ಕ್ರೈಸ್ತ ದೀಕ್ಷಾಸ್ನಾನದ ಕಟ್ಟಡದ) ಚಿತ್ರ ಬಿಡಿಸಿ, ಹಲಗೆಯಲ್ಲೇ ತೂತು ಕೊರೆದು, ಜನ ಅದರ ಹಿಂದಿನಿಂದ ಕಣ್ಣಿಟ್ಟು ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡುವಂತೆ ಮಾಡಿದ. ನೋಡುವವರ ಕಣ್ಣು ಎಲ್ಲಿರಬೇಕು ಅಂತ ಅವನೇ ಗೊತ್ತುಮಾಡಿದ, ಗಮನಿಸಿ. 1435ರಲ್ಲಿ ಆಲ್ಬರ್ಟಿ ಇದರ ನಿಯಮಗಳನ್ನು ಬರೆದಿಟ್ಟ. ಆಗ ನಮ್ಮ ಹಂಪಿಯಲ್ಲಿ ಎರಡನೇ ದೇವರಾಯನ ಆಳ್ವಿಕೆ. ಚರಿತ್ರೆ ಇಷ್ಟು ಸಾಕು, ಕೆಲಸಕ್ಕೆ ಬರೋಣ.

ಮೊದಲು ಕಣ್ಣಿನ ಎತ್ತರ. ಹೊರೈಜನ್ ಲೈನ್ ಅಂತ ನೀವು ಎಳೆಯುವ ಗೆರೆ ಅದೇ. ನಿಂತ ಮನುಷ್ಯನಿಗೆ ಸುಮಾರು 1.5 ಮೀಟರ್. ಕುರ್ಚಿಯಲ್ಲಿ ಕೂತರೆ 1.2 ಮೀಟರಿನ ಆಸುಪಾಸು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮುಕ್ಕಾಲು ಮೀಟರ್. ನೀವು ತೊಟ್ಟಿ ಮನೆಯ ಪಡಸಾಲೆಯ ಒಳನೋಟ ಬಿಡಿಸುತ್ತಿದ್ದೀರಿ ಅಂತಿಟ್ಟುಕೊಳ್ಳಿ, ಅಲ್ಲಿ ಜನ ಕೂರುವುದು ನೆಲದ ಮೇಲೆ. 1.5 ಮೀಟರಿನಿಂದ ನೋಡಿದರೆ ತೊಟ್ಟಿ ಗುಂಡಿಯ ಹಾಗೆ ಕೆಳಗೆ ಕಾಣುತ್ತದೆ. ಮುಕ್ಕಾಲು ಮೀಟರಿನಿಂದ ನೋಡಿದರೆ ಕಂಬಗಳು ಎದ್ದು ನಿಲ್ಲುತ್ತವೆ, ಸೂರಿನ ಕೆಳಭಾಗ ಕಾಣುತ್ತದೆ, ಆಕಾಶ ಹೆಚ್ಚು ಸಿಗುತ್ತದೆ. ಅದೇ ಮನೆ, ಅದೇ ಪ್ಲಾನ್. ಹಾಗಾಗಿ ಕಣ್ಣಿನ ಎತ್ತರ ಗೊತ್ತುಮಾಡುವುದು ಕೂಡ ಡಿಸೈನ್‌ನ ಭಾಗವೇ. ಬರೀ ಡ್ರಾಯಿಂಗ್‌ನ ವಿಷಯ ಅಂತ ಬಿಡಬೇಡಿ.

ನಿಮ್ಮ ಕಟ್ಟಡ ಆಟಿಕೆಯಾಗುವುದೂ ಇದರಿಂದಲೇ. ಎರಡಂತಸ್ತಿನ ಕಟ್ಟಡ ಬಿಡಿಸಿ ಹೊರೈಜನ್ ಲೈನನ್ನು ಅದರ ಮಧ್ಯಕ್ಕೆ, ಅಂದರೆ ಮೊದಲ ಮಹಡಿಯ ಸ್ಲ್ಯಾಬ್ ಹತ್ತಿರ ಎಳೆದಿರುತ್ತೀರಿ. ಅಲ್ಲಿಗೆ ನೋಡುವವನ ಕಣ್ಣು ಮೂರೂವರೆ ಮೀಟರ್ ಎತ್ತರದಲ್ಲಿದೆ ಅಂತಾಯಿತು. ಆಮೇಲೆ ನೆಲದ ಮೇಲೆ ಮನುಷ್ಯರನ್ನು ಅಂದಾಜಿಗೆ ನಿಲ್ಲಿಸುತ್ತೀರಿ, ಒಬ್ಬರ ತಲೆ ಅಲ್ಲಿ, ಇನ್ನೊಬ್ಬರ ತಲೆ ಇಲ್ಲಿ. ಎಲ್ಲವೂ ತಾಳ ತಪ್ಪುತ್ತದೆ. ನಿಯಮ ತುಂಬ ಸುಲಭ. ಸಮತಟ್ಟಾದ ನೆಲದ ಮೇಲೆ ನಿಮ್ಮಷ್ಟೇ ಎತ್ತರದವರು ಎಷ್ಟೇ ದೂರದಲ್ಲಿ ನಿಂತಿರಲಿ, ಅವರ ಕಣ್ಣು ಹೊರೈಜನ್ ಲೈನ್ ಮೇಲೇ ಇರುತ್ತದೆ. ಹತ್ತಿರದವರ ಕಾಲು ಹಾಳೆಯಲ್ಲಿ ಕೆಳಗೆ ಇಳಿಯುತ್ತದೆ, ದೂರದವರ ಕಾಲು ಮೇಲೆ ಬರುತ್ತದೆ. ತಲೆ ಮಾತ್ರ ಒಂದೇ ಸಾಲು. ಯಾವುದಾದರೂ ಜಾತ್ರೆಯಲ್ಲೋ ರೈಲ್ವೆ ಪ್ಲಾಟ್‌ಫಾರಂ ಮೇಲೋ ನಿಂತು ಜನರ ತಲೆ ನೋಡಿ, ಸತ್ಯ ಅಂತ ಗೊತ್ತಾಗುತ್ತದೆ. ಮಕ್ಕಳ ತಲೆ ಸಾಲಿಗಿಂತ ಕೆಳಗೆ. ಜಗಲಿಯ ಮೇಲೆ ನಿಂತವರ ತಲೆ ಮೇಲೆ.

ಮೆಟ್ಟಿಲಿನಲ್ಲೂ ಇದೇ ಕೆಲಸ ಮಾಡುತ್ತದೆ. ಉದ್ದನೆಯ ಮೆಟ್ಟಿಲು ಸಾಲಿನ ಬುಡದಲ್ಲಿ ನಿಂತಿದ್ದೀರಿ, ಒಂದೊಂದು ರೈಸರ್ (ಮೆಟ್ಟಿಲಿನ ನಿಂತ ಮುಖ) 15 ಸೆಂ.ಮೀ. ಹತ್ತನೇ ಮೆಟ್ಟಿಲು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂತು. ಅದಕ್ಕಿಂತ ಕೆಳಗಿನವುಗಳ ಟ್ರೆಡ್ (ಕಾಲಿಡುವ ಮೇಲ್ಭಾಗ) ಕಾಣುತ್ತದೆ, ಮೇಲೆ ಹೋದಂತೆ ಅದು ತೆಳ್ಳಗಾಗುತ್ತಾ ಬರುತ್ತದೆ, ಹತ್ತನೆಯದು ಬರೀ ಗೆರೆ, ಅಲ್ಲಿಂದಾಚೆ ರೈಸರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಹನ್ನೆರಡನೇ ಮೆಟ್ಟಿಲಿನ ಟ್ರೆಡ್ ಕಾಣುವ ಹಾಗೆ ಬಿಡಿಸಿದ ಶೀಟ್ ನೋಡಿದರೆ ಬಿಡಿಸಿದವರು ಎಲ್ಲಿ ನಿಂತಿದ್ದಾರೆ ಅಂತ ಯೋಚಿಸಿಲ್ಲ ಅನ್ನುವುದು ಕೂಡಲೇ ಗೊತ್ತಾಗುತ್ತದೆ.

ಎರಡನೆಯದು ದೂರ. ಜಾಸ್ತಿ ಜನ ಸೋಲುವುದು ಇಲ್ಲಿ, ಅದಕ್ಕೇ ಇದನ್ನು ನಿಧಾನಕ್ಕೆ ಅಂಕಿ ಸಮೇತ ಹೇಳುತ್ತೇನೆ. ಸ್ಕೇಲ್ ಪೆನ್ಸಿಲ್ ತಗೊಂಡು ಓದುತ್ತಾ ಓದುತ್ತಾ ನೀವೂ ಮಾಡಿ.

ಒಂದು ಕಾರಿಡಾರ್. 3 ಮೀಟರ್ ಅಗಲ, 3 ಮೀಟರ್ ಎತ್ತರ, ಎರಡೂ ಕಡೆ 3 ಮೀಟರಿಗೊಂದು ಕಂಬ, ನಾಲ್ಕು ಅಂಕಣ (ಕಂಬದಿಂದ ಕಂಬದವರೆಗಿನ ಭಾಗ). 1:25 ಸ್ಕೇಲಿನಲ್ಲಿ ಮುಂದಿನ ಚೌಕ 12 ಸೆಂ.ಮೀ.ಗೆ 12 ಸೆಂ.ಮೀ. ಕಣ್ಣು 1.5 ಮೀಟರ್ ಎತ್ತರ, ಅಂದರೆ ಚೌಕದ ಬುಡದಿಂದ 6 ಸೆಂ.ಮೀ. ಮೇಲೆ ಒಂದು ಅಡ್ಡಗೆರೆ. ಕಾರಿಡಾರಿನ ನಡುವೆ ನಿಂತಿದ್ದೀರಿ, ಆದ್ದರಿಂದ ವ್ಯಾನಿಷಿಂಗ್ ಪಾಯಿಂಟ್ ಆ ಗೆರೆಯ ಮೇಲೆ ಚೌಕದ ನಟ್ಟನಡುವೆ. ನಾಲ್ಕು ಮೂಲೆಯಿಂದ ಅಲ್ಲಿಗೆ ಗೆರೆ ಎಳೆಯಿರಿ. ಇಲ್ಲಿವರೆಗೆ ಎಲ್ಲರಿಗೂ ಬರುತ್ತದೆ. ಮುಂದಿನ ಕಂಬ ಎಲ್ಲಿ ಅನ್ನುವಾಗ ಮಾತ್ರ ಎಲ್ಲರೂ ಅಂದಾಜು ಹೊಡೆಯುತ್ತಾರೆ.

ಅಂದಾಜು ಬೇಡ. ನೀವು ಮುಂದಿನ ಚೌಕದಿಂದ ನಾಲ್ಕೂವರೆ ಮೀಟರ್ ಹಿಂದೆ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. 1:25ರಲ್ಲಿ ಅದು 18 ಸೆಂ.ಮೀ. ವ್ಯಾನಿಷಿಂಗ್ ಪಾಯಿಂಟಿನಿಂದ ಬಲಕ್ಕೆ, ಹೊರೈಜನ್ ಲೈನ್ ಮೇಲೇ, 18 ಸೆಂ.ಮೀ. ಅಳೆದು ಒಂದು ಚುಕ್ಕೆ ಇಡಿ. ಇದು ಡಿಸ್ಟೆನ್ಸ್ ಪಾಯಿಂಟ್. 45 ಡಿಗ್ರಿಯಲ್ಲಿ ಬಲಕ್ಕೆ ಓರೆಯಾಗಿ ಹಿಂದೆ ಹೋಗುವ ಗೆರೆಗಳೆಲ್ಲ ಇಲ್ಲಿಗೆ ಬಂದು ಸೇರುತ್ತವೆ. ಚೌಕದ ಕೆಳಗಿನ ಎಡ ಮೂಲೆಯಿಂದ ಈ ಚುಕ್ಕೆಗೆ ಗೆರೆ ಎಳೆಯಿರಿ. ಅದು ಬಲಗಡೆಯ ನೆಲದ ಗೆರೆಯನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿ ನಿಮ್ಮ ಎರಡನೇ ಕಂಬ. ನೆಲದ ಮೇಲಿನ 3 ಮೀಟರ್ ಚೌಕಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದ ಹಾಗೆ ಆಯಿತು, ಅಷ್ಟೇ. ಅಲ್ಲಿಂದ ಎಡಕ್ಕೆ ಅಡ್ಡಗೆರೆ ಎಳೆದು, ಮತ್ತೆ ಅದರ ಎಡ ತುದಿಯಿಂದ ಅದೇ ಚುಕ್ಕೆಗೆ ಎಳೆದರೆ ಮೂರನೇ ಕಂಬ. ಹೀಗೇ ಮುಂದೆ.

ಈಗ ಅಳತೆ ನೋಡಿ. ಮುಂದೆ 12 ಸೆಂ.ಮೀ. ಇದ್ದ ಅಗಲ ಮೊದಲ ಅಂಕಣ ಕಳೆದ ಮೇಲೆ 7.2, ಆಮೇಲೆ 5.1, ಆಮೇಲೆ 4, ಕೊನೆಗೆ 3.3. ಲೆಕ್ಕವೂ ಸುಲಭ. ನಿಮ್ಮ ದೂರವನ್ನು, ಆ ದೂರ ಮತ್ತು ಆಳ ಎರಡೂ ಸೇರಿದ ಮೊತ್ತದಿಂದ ಭಾಗಿಸಿ. 4.5 ಭಾಗಿಸು 7.5 ಅಂದರೆ 0.6, ಅದರ 12 ಪಟ್ಟು 7.2. ಗೆರೆಯಲ್ಲಿ ಬಂದದ್ದು ಲೆಕ್ಕದಲ್ಲೂ ಬಂದರೆ ನಿಮ್ಮ ಕೈ ಸರಿಯಾಗಿದೆ.

ಇನ್ನೊಂದು ಹಾಳೆ ತಗೊಳ್ಳಿ. ಅದೇ ಕಾರಿಡಾರ್, ಆದರೆ ಡಿಸ್ಟೆನ್ಸ್ ಪಾಯಿಂಟ್ 18ರ ಬದಲು 6 ಸೆಂ.ಮೀ.ಗೆ ಇಡಿ. ಅಂದರೆ ಬರೀ ಒಂದೂವರೆ ಮೀಟರ್ ಹಿಂದೆ ನಿಂತಿದ್ದೀರಿ. ಮೊದಲ ಅಂಕಣದಲ್ಲೇ 12 ಹೋಗಿ 4 ಆಗುತ್ತದೆ. ಚಿತ್ರದ ಬಹುಪಾಲನ್ನು ಆ ಒಂದು ಅಂಕಣವೇ ತಿಂದುಬಿಡುತ್ತದೆ, ಉಳಿದ ಮೂರು ನಡುವಿನ ಚಿಕ್ಕ ಚೌಕದಲ್ಲಿ ಮುದುರಿಕೊಳ್ಳುತ್ತವೆ. 3 ಮೀಟರಿನ ಅಂಕಣ ನೋಡಲು ಎಂಟು ಹತ್ತು ಮೀಟರ್ ಅನ್ನಿಸುತ್ತದೆ. ಜ್ಯಾಮಿತಿ ಎರಡರಲ್ಲೂ ಸರಿಯೇ. ಆದರೆ ಅಷ್ಟು ಹತ್ತಿರ ನಿಂತವರಿಗೆ ಮುಂದಿನ ಚೌಕದ ನಾಲ್ಕು ಮೂಲೆ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಕತ್ತು ತಿರುಗಿಸದೆ ನಮಗೆ ಆರಾಮಾಗಿ ಕಾಣುವುದು ಸುಮಾರು 60 ಡಿಗ್ರಿಯೊಳಗಿನದು, ಅಂದರೆ ನೋಟದ ನಡುವಿನಿಂದ ಎಲ್ಲ ದಿಕ್ಕಿಗೂ 30 ಡಿಗ್ರಿ. ಅದರಾಚೆ ಇರುವುದನ್ನೂ ಹಾಳೆಗೆ ತಂದರೆ ಅದು ಎಳೆದಂತೆ ಕಾಣುತ್ತದೆ. ಈ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈಗ ನಿಮ್ಮ ಚೂಪು ಮೂಲೆಗೆ ಬರೋಣ. ಎರಡು ವ್ಯಾನಿಷಿಂಗ್ ಪಾಯಿಂಟ್ ಇರುವ ಟೂ-ಪಾಯಿಂಟ್‌ನಲ್ಲಿ ಆಗುವುದೂ ಇದೇ. ಎ3 ಹಾಳೆಯ ಅಗಲ 42 ಸೆಂ.ಮೀ. ಎರಡು ವ್ಯಾನಿಷಿಂಗ್ ಪಾಯಿಂಟ್‌ಗಳನ್ನೂ ಹಾಳೆಯ ಒಳಗೇ, 40 ಸೆಂ.ಮೀ. ಅಂತರದಲ್ಲಿ ಇಟ್ಟಿರಿ ಅನ್ನಿ. ಕಟ್ಟಡ 45 ಡಿಗ್ರಿ ತಿರುಗಿದ್ದರೆ ನೀವು ನಿಂತ ದೂರ ಅದರ ಅರ್ಧ, 20 ಸೆಂ.ಮೀ. ಆ ದೂರಕ್ಕೆ 60 ಡಿಗ್ರಿ ನೋಟದಲ್ಲಿ ಸಿಗುವುದು ನಡುವಿನ ಸುಮಾರು 23 ಸೆಂ.ಮೀ. ವೃತ್ತ ಮಾತ್ರ. ನಿಮ್ಮ ಕಟ್ಟಡ ಪೂರ್ತಿ ಅದರೊಳಗೆ ಕೂರಬೇಕು. ನೀವು ಏನು ಮಾಡುತ್ತೀರಿ? ಹಾಳೆ ಖಾಲಿ ಬಿಟ್ಟರೆ ಮೇಷ್ಟ್ರು ಏನಂದುಕೊಳ್ಳುತ್ತಾರೋ ಅಂತ ಅಂಚಿನಿಂದ ಅಂಚಿಗೆ ತುಂಬುತ್ತೀರಿ. ಅದಕ್ಕೇ ಚೂಪಾಗುವುದು.

ಇದನ್ನು ಪರೀಕ್ಷಿಸಲು ಒಂದು ಉಪಾಯ ಇದೆ. ಎರಡು ವ್ಯಾನಿಷಿಂಗ್ ಪಾಯಿಂಟ್‌ಗಳನ್ನು ಸೇರಿಸುವ ಗೆರೆಯನ್ನು ವ್ಯಾಸ ಮಾಡಿಕೊಂಡು ಒಂದು ವೃತ್ತ ಎಳೆಯಿರಿ. ಕಟ್ಟಡದ ಹತ್ತಿರದ ಮೂಲೆ, ಅಂದರೆ ಪ್ಯಾರಪೆಟ್‌ನ ಎರಡು ಗೆರೆ ಕೂಡುವ ಜಾಗ, ಆ ವೃತ್ತದ ಒಳಗೆ ಇದ್ದರೆ ಅಲ್ಲಿನ ಕೋನ 90 ಡಿಗ್ರಿಗಿಂತ ಜಾಸ್ತಿ. ವೃತ್ತದ ಮೇಲೇ ಬಿದ್ದರೆ ಸರಿಯಾಗಿ 90. ಹೊರಗೆ ಹೋದರೆ ಕಡಿಮೆ. ಹೈಸ್ಕೂಲಿನಲ್ಲಿ ಓದಿದ ಅರ್ಧವೃತ್ತದ ಕೋನದ ಪ್ರಮೇಯವೇ ಇದು. 90ಕ್ಕಿಂತ ಕಡಿಮೆ ಬಂದ ಮೂಲೆ ನೋಡುವವರ ಕಣ್ಣಿಗೆ ಚೌಕ ಕಟ್ಟಡದ ಮೂಲೆ ಅನ್ನಿಸುವುದೇ ಇಲ್ಲ. ವೃತ್ತ ಎಳೆಯಲು ಪುರುಸೊತ್ತಿಲ್ಲ ಅಂದರೆ ಸೆಟ್ ಸ್ಕ್ವೇರಿನ ಲಂಬ ಮೂಲೆಯನ್ನು ಅಲ್ಲಿ ಇಟ್ಟು ನೋಡಿ, ಗೆರೆಗಳು ಸೆಟ್ ಸ್ಕ್ವೇರಿಗಿಂತ ಚೆನ್ನಾಗಿ ಅಗಲವಾಗಿ ತೆರೆದುಕೊಂಡಿರಬೇಕು. 120 ಡಿಗ್ರಿಗಿಂತ ಮೇಲಿದ್ದರೆ ನಿಶ್ಚಿಂತೆ.

ಪರಿಹಾರ ಏನು ಅಂದರೆ, ಚುಕ್ಕೆಗಳನ್ನು ಹಾಳೆಯಿಂದ ಆಚೆ ಕಳಿಸಿ. ಡ್ರಾಯಿಂಗ್ ಬೋರ್ಡಿನ ಎರಡು ಕಡೆ ರದ್ದಿ ಹಾಳೆ ಅಂಟಿಸಿ ಅಲ್ಲಿ ಚುಕ್ಕೆ ಇಡಿ, ಗುಂಡುಪಿನ್ನು ಚುಚ್ಚಿ ದಾರ ಕಟ್ಟಿದರೆ ಸ್ಕೇಲ್ ಹುಡುಕುವ ಕೆಲಸವೂ ಇಲ್ಲ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಮೊದಲು ಅಂಗೈಯಗಲದ ಚಿತ್ರ ಬಟರ್ ಪೇಪರ್ (ಕೆಳಗಿನ ಗೆರೆ ಕಾಣುವ ತೆಳು ಹಾಳೆ) ಮೇಲೆ ಮಾಡಿ, ಚಿಕ್ಕದರಲ್ಲಿ ಎರಡೂ ಚುಕ್ಕೆ ಹಾಳೆಯೊಳಗೇ ಸಿಗುತ್ತವೆ, ತಪ್ಪಾದರೆ ಹರಿದು ಇನ್ನೊಂದು ಮಾಡಬಹುದು, ಚೆನ್ನಾಗಿ ಬಂದದ್ದನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಅದರ ಮೇಲೆ ಹೊಸ ಬಟರ್ ಪೇಪರ್ ಹಾಕಿ ಬಿಡಿಸಿ.

ನಿಜವಾದ ಕಟ್ಟಡದ ಮುಂದೆ ನಿಂತಾಗಲೂ ಈ 60 ಡಿಗ್ರಿ ನೆನಪಿರಲಿ. ವಿಧಾನಸೌಧದ ಉದ್ದ 700 ಅಡಿ. ಮುಂಭಾಗ ಇಡೀ ಒಂದೇ ನೋಟದಲ್ಲಿ ಬರಬೇಕಾದರೆ ಸುಮಾರು 600 ಅಡಿ ದೂರ ಬೇಕು. ಎದುರಿನ ಫುಟ್‌ಪಾತ್ ಮೇಲೆ ಕೂತು ಪೂರ್ತಿ ಬಿಡಿಸಲು ಹೋದರೆ ಎರಡು ತುದಿಗಳೂ ಎಳೆದುಕೊಂಡು ಹೋಗುತ್ತವೆ. ಅಲ್ಲಿ ಕೂತರೆ ನಡುವಿನ ಮೆಟ್ಟಿಲು ಮತ್ತು ಕಂಬಗಳನ್ನಷ್ಟೇ ಬಿಡಿಸಿ. ಎತ್ತರಕ್ಕೂ ಹಾಗೇ. ವಿರೂಪಾಕ್ಷದ ಗೋಪುರ ಸುಮಾರು 50 ಮೀಟರ್. ತಲೆ ಎತ್ತದೆ ಅದರ ತುದಿ ಕಾಣಬೇಕಾದರೆ ಕಡಿಮೆ ಅಂದರೂ 85 ಮೀಟರ್ ಹಿಂದೆ ಹೋಗಬೇಕು. ಅದಕ್ಕಿಂತ ಹತ್ತಿರ ಹೋಗಿ ತಲೆ ಎತ್ತಿದಿರೋ, ನಿಂತ ಗೆರೆಗಳೂ ಮೇಲೆ ಹೋಗುತ್ತಾ ಒಂದರ ಕಡೆ ಒಂದು ವಾಲುತ್ತವೆ, ಅದು ತ್ರೀ-ಪಾಯಿಂಟ್. ಈಗಲೇ ಅದಕ್ಕೆ ಹೋಗಬೇಡಿ. ಒಂದು ವರ್ಷ ನಿಂತ ಗೆರೆ ನೆಟ್ಟಗೇ ನಿಲ್ಲಲಿ.

ಹೊರಗಿನ ಸ್ಕೆಚಿಂಗ್ ಕಲಿಯಲು ವಿರೂಪಾಕ್ಷದ ಎದುರಿನ ರಥಬೀದಿಯಷ್ಟು ಒಳ್ಳೆಯ ಜಾಗ ನಮ್ಮ ಕಡೆ ಕಡಿಮೆ. ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ಎರಡೂ ಕಡೆ ಕಲ್ಲಿನ ಮಂಟಪಗಳ ಸಾಲು, ಪಶ್ಚಿಮದ ತುದಿಗೆ ಗೋಪುರ, ಪೂರ್ವದ ತುದಿಗೆ ಎದುರು ಬಸವಣ್ಣ. ಬಸವಣ್ಣನ ಕಡೆಯಿಂದ ಪಶ್ಚಿಮಕ್ಕೆ ಮುಖ ಮಾಡಿ ಬೀದಿಯಲ್ಲಿ ನಿಲ್ಲಿ. ಕೈಯನ್ನು ಪೂರ್ತಿ ಚಾಚಿ ಪೆನ್ಸಿಲನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿಯಿರಿ. ಬೀದಿಯಲ್ಲಿ ನಡೆಯುವವರ ತಲೆ, ಮಂಟಪಗಳ ಕಂಬದ ಒಂದು ಮಟ್ಟ, ಎಲ್ಲ ಆ ಪೆನ್ಸಿಲ್ ಮೇಲೆ ಸಾಲಾಗಿ ಕೂರುತ್ತವೆ. ಅದನ್ನೇ ಹಾಳೆಯಲ್ಲಿ ಮೊದಲ ಗೆರೆ ಮಾಡಿ, ಹಾಳೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಯಾಕೆಂದರೆ ಗೋಪುರಕ್ಕೆ ಮೇಲೆ ಜಾಗ ಬೇಕು. ಆಮೇಲೆ ಮಂಟಪಗಳ ಮೇಲಂಚಿಗೆ ಪೆನ್ಸಿಲನ್ನು ಓರೆಯಾಗಿ ಹೊಂದಿಸಿ, ಆ ಓರೆಯನ್ನು ಕೆಡಿಸದೆ ಹಾಳೆಯ ಮೇಲೆ ತಂದು ಎಳೆಯಿರಿ. ಜಗಲಿಯ ಅಂಚಿಗೂ ಹಾಗೇ. ಎರಡು ಗೆರೆ ಕೂಡುವ ಜಾಗ ನಿಮ್ಮ ಹೊರೈಜನ್ ಲೈನ್ ಮೇಲೆ ಬಿದ್ದರೆ ಸರಿ, ಬೀಳದಿದ್ದರೆ ಯಾವುದೋ ಒಂದು ಓರೆ ತಪ್ಪಿದೆ, ಮತ್ತೆ ಅಳೆಯಿರಿ. ನೂರಾರು ವರ್ಷದ ಬೀದಿಗಳು ಕಾಗದದ ಮೇಲಿನ ಪ್ಲಾನಿನಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ಕೆಲವು ಮಂಟಪ ಒಂದು ಚೂರು ಹಿಂದೆ ಮುಂದೆ ಇರುತ್ತವೆ, ಎತ್ತರ ಬೇರೆ ಇರುತ್ತದೆ. ಅದನ್ನು ತಿದ್ದಿ ನೇರ ಮಾಡಬೇಡಿ. ಕಂಡ ಹಾಗೆ ಬಿಡಿಸಿ.

ಕಂಬಗಳ ಅಂತರಕ್ಕೆ ಇಲ್ಲಿ ಡಿಸ್ಟೆನ್ಸ್ ಪಾಯಿಂಟ್ ಬೇಡ. ಮೊದಲ ಎರಡು ಕಂಬ ಕಣ್ಣಳತೆಯಲ್ಲಿ ಹಾಕಿ. ಎರಡನೇ ಕಂಬದ ನಡು ಎತ್ತರ ಗುರುತಿಸಿ. ಮೊದಲ ಕಂಬದ ತುದಿಯಿಂದ ಆ ನಡುವಿನ ಮೂಲಕ ಗೆರೆ ಎಳೆದರೆ ಅದು ನೆಲದ ಗೆರೆಯನ್ನು ಮುಟ್ಟುವಲ್ಲಿ ಮೂರನೇ ಕಂಬ. ಹೀಗೆ ಎಷ್ಟು ಬೇಕಾದರೂ ಮುಂದುವರಿಸಬಹುದು. ಇದೊಂದನ್ನು ಕಲಿತರೆ ಹಾಸ್ಟೆಲ್ ಕಾರಿಡಾರ್, ಬಸ್ ಸ್ಟ್ಯಾಂಡ್, ಬೆಂಗಳೂರಿನ ಐಐಎಂನಲ್ಲಿ ವಾಸ್ತುಶಿಲ್ಪಿ ದೋಶಿಯವರು ಮಾಡಿದ ಕಲ್ಲಿನ ಪಡಸಾಲೆಗಳು, ಯಾವುದನ್ನು ಬೇಕಾದರೂ ನಿಂತ ಜಾಗದಲ್ಲೇ ಬಿಡಿಸಬಹುದು.

ಹಂಪಿಗೆ ಹೋಗುವ ತನಕ ಹಾಸ್ಟೆಲ್ ಕಿಟಕಿ ಇದೆಯಲ್ಲ, ಅದು ಸಾಕು. ವೈಟ್‌ಬೋರ್ಡ್ ಮಾರ್ಕರ್ ತಗೊಂಡು, ಒಂದು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ, ಎದುರಿನ ಕಟ್ಟಡದ ಅಂಚುಗಳನ್ನು ಗಾಜಿನ ಮೇಲೇ ಎಳೆಯಿರಿ. ಗದ್ದಕ್ಕೆ ಏನಾದರೂ ಆಸರೆ ಕೊಟ್ಟುಕೊಂಡರೆ ಒಳ್ಳೆಯದು. ಆಮೇಲೆ ಸ್ಕೇಲ್ ಇಟ್ಟು ಆ ಗೆರೆಗಳನ್ನು ಮುಂದುವರಿಸಿ ನೋಡಿ, ಅವು ಎಲ್ಲಿ ಕೂಡುತ್ತವೆ, ಆ ಜಾಗ ನಿಮ್ಮ ಕಣ್ಣಿನ ಎತ್ತರದಲ್ಲಿ ಇದೆಯಾ ಅಂತ. ಪುಸ್ತಕದಲ್ಲಿ ಓದಿದ್ದನ್ನು ನಿಮ್ಮ ಕಣ್ಣೇ ಒಪ್ಪಿಕೊಂಡ ಮೇಲೆ ಮರೆಯುವ ಮಾತಿಲ್ಲ.

ಉಳಿದ ಆಕಾರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಂಚಿನ ಮನೆಯ ಇಳಿಜಾರು ಚಾವಣಿಗೆ ಪಕ್ಕದ ಗೋಡೆಯ ಎದುರುಬದುರು ಮೂಲೆ ಸೇರಿಸಿ ನಡು ಹುಡುಕಿ, ಅಲ್ಲಿಂದ ನೇರ ಮೇಲೆ ಗೆರೆ ಎತ್ತಿದರೆ ಸೂರಿನ ತುದಿ ಆ ಗೆರೆಯ ಮೇಲೇ ಸಿಗುತ್ತದೆ. ಪರ್ಸ್‌ಪೆಕ್ಟಿವ್‌ನಲ್ಲಿ ನಡು ಅನ್ನುವುದು ಸ್ಕೇಲ್ ಹಿಡಿದು ಅಳೆದ ಅರ್ಧ ಅಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅರ್ಧವೃತ್ತದ ಕಮಾನಿಗೆ ಮೊದಲು ಚೌಕ ಹಾಕಿ, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ನಡುವಿನಿಂದ ಮೂಲೆಗೆ ಇರುವ ದೂರದ ಹತ್ತರಲ್ಲಿ ಏಳು ಪಾಲಿಗೆ ಗುರುತು ಮಾಡಿ ಅದರ ಮೂಲಕ ಬಾಗಿಸಿ. ಆ ಏಳು ಪಾಲನ್ನು ಕೂಡ ಎದುರುನೋಟದಲ್ಲಿ ಗುರುತಿಸಿಕೊಂಡು ಪರ್ಸ್‌ಪೆಕ್ಟಿವ್‌ಗೆ ತರಬೇಕು. ಸೋಮನಾಥಪುರದ ನಕ್ಷತ್ರ ಪ್ಲಾನಿನಂಥದ್ದು ಬಂದರೆ ಹೆದರಬೇಡಿ. ಒಂದೊಂದು ಮುಖಕ್ಕೂ ಒಂದೊಂದು ವ್ಯಾನಿಷಿಂಗ್ ಪಾಯಿಂಟ್ ಹುಡುಕುತ್ತಾ ಕೂತರೆ ಮುಗಿಯುವುದಿಲ್ಲ. ಪ್ಲಾನಿನ ಮೇಲೆ ಚೌಕುಳಿ ಗ್ರಿಡ್ ಹಾಕಿ, ಅದೇ ಗ್ರಿಡ್ಡನ್ನು ಪರ್ಸ್‌ಪೆಕ್ಟಿವ್‌ನಲ್ಲಿ ಎಳೆದು, ಮೂಲೆಗಳನ್ನು ಮನೆ ಎಣಿಸಿ ಗುರುತಿಸಿ.

ಇನ್ನು ಸ್ಕೆಚಪ್. ನಿಮ್ಮ ಸೀನಿಯರ್‌ಗಳು ಹೇಳಿದ್ದರಲ್ಲಿ ಅರ್ಧ ನಿಜ. ಅದನ್ನೂ ಕಲಿಯಿರಿ, ಆಫೀಸಿನಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಆದರೆ ಸಾಫ್ಟ್‌ವೇರ್ ಕೂಡ ನಿಮ್ಮನ್ನು ಕೇಳುವುದು ಅದೇ ಪ್ರಶ್ನೆಗಳನ್ನು. ಪೊಸಿಶನ್ ಕ್ಯಾಮೆರಾ ಒತ್ತಿದರೆ ಕಣ್ಣಿನ ಎತ್ತರ ಕೊಡಬೇಕು, ಫೀಲ್ಡ್ ಆಫ್ ವ್ಯೂ (ನೋಟ ಎಷ್ಟು ಡಿಗ್ರಿ ಅಗಲ ಅನ್ನುವುದು) ನೀವೇ ಆರಿಸಬೇಕು. ಅದು ತಾನಾಗಿ ಕೊಡುವುದು 35 ಡಿಗ್ರಿ. ಚಿಕ್ಕ ರೂಮಿನ ಒಳಗೆ ಎಲ್ಲ ಕಾಣಲಿ ಅಂತ ಅದನ್ನು 80, 90ಕ್ಕೆ ಏರಿಸಿದ ರೆಂಡರ್‌ಗಳನ್ನು (ಕಂಪ್ಯೂಟರ್ ಚಿತ್ರಗಳನ್ನು) ಜ್ಯೂರಿಯಲ್ಲಿ, ಅಂದರೆ ವಿದ್ಯಾರ್ಥಿಗಳ ಕೆಲಸ ಪರಿಶೀಲಿಸುವಾಗ, ಬೇಕಾದಷ್ಟು ನೋಡುತ್ತೇವೆ. ಹತ್ತಡಿಯ ರೂಮು ಕಲ್ಯಾಣ ಮಂಟಪ ಆಗಿರುತ್ತದೆ, ಮುಂದಿನ ಸೋಫಾ ಮೂಲೆಗೆ ಎಳೆದುಕೊಂಡಿರುತ್ತದೆ. ಇದು ನೋಡುವವರಿಗೆ ಮಾಡುವ ಮೋಸ, ಅದಕ್ಕಿಂತ ಹೆಚ್ಚಾಗಿ ಡಿಸೈನ್ ಮಾಡುವವರೇ ಮೋಸ ಹೋಗುತ್ತಾರೆ. ಇಷ್ಟು ಜಾಗ ಇದೆ ಅಂತ ನಂಬಿ ಕಟ್ಟಿದ ಮೇಲೆ ಮಂಚದ ಪಕ್ಕ ನಡೆಯಲು ಜಾಗ ಇರುವುದಿಲ್ಲ. ಕೈಯಲ್ಲಿ ಆ ಎರಡು ಕಾರಿಡಾರ್ ಬಿಡಿಸಿದವರಿಗೆ ಈ ತಪ್ಪು ಸ್ಕ್ರೀನ್ ಮೇಲೂ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಕೈ ಪಳಗಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಇನ್ನೊಂದು ಕಾರಣವೂ ಇದೆ. ಪ್ಲಾನ್ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ, ಕಿಟಕಿ ಇಲ್ಲಿರಲಾ ಅಲ್ಲಿರಲಾ ಅಂತ ಯೋಚಿಸುವಾಗ, ಬಟರ್ ಪೇಪರ್ ಮೇಲೆ ಮೂರು ನಿಮಿಷದಲ್ಲಿ ಒಂದು ಒಳನೋಟ ಬಂದರೆ ಡಿಸೈನ್ ಅಲ್ಲೇ ಮುಂದೆ ಹೋಗುತ್ತದೆ. ಮಾಡೆಲ್ ಕಟ್ಟಿ ನೋಡುವಷ್ಟರಲ್ಲಿ ಆ ಯೋಚನೆ ಆರಿಹೋಗಿರುತ್ತದೆ.

ಫೋನಿನ ಫೋಟೋ ಟ್ರೇಸ್ ಮಾಡುವವರಿಗೂ ಒಂದು ಮಾತು. ಫೋನಿನ ಮಾಮೂಲಿ ಲೆನ್ಸ್ ಅಡ್ಡ ಹಿಡಿದಾಗ ಸುಮಾರು 70 ಡಿಗ್ರಿ ಹಿಡಿಯುತ್ತದೆ, 0.5 ಅಂತ ಇರುವುದು 120ರ ಹತ್ತಿರ. ಅದನ್ನು ಟ್ರೇಸ್ ಮಾಡಿ ಕಲಿತರೆ ಕೆಟ್ಟ ಅಭ್ಯಾಸವೇ ಕೈಗೆ ಕೂರುತ್ತದೆ. ಟ್ರೇಸ್ ಮಾಡಲೇಬೇಕು ಅಂದರೆ 2ಕ್ಕೆ ಇಟ್ಟು, ಹಿಂದಕ್ಕೆ ಸರಿದು, ಫೋನನ್ನು ನೆಟ್ಟಗೆ ಹಿಡಿದು ತೆಗೆಯಿರಿ.

ಸಾಮಾನಿಗೆ ದುಡ್ಡು ಸುರಿಯಬೇಡಿ. ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಒಂದು ಕಪ್ಪು ಪೆನ್, ಬಟರ್ ಪೇಪರಿನ ಒಂದು ರೋಲ್, ಅಗ್ಗದ ಎ4 ಹಾಳೆ. ಮೊದಲ ಎರಡು ತಿಂಗಳು ಬರೀ ಒನ್-ಪಾಯಿಂಟ್ ಮಾಡಿ. ನಿಮ್ಮ ರೂಮು, ಕಾರಿಡಾರ್, ಕ್ಯಾಂಟೀನ್, ಲೈಬ್ರರಿಯ ಕಪಾಟುಗಳ ನಡುವಿನ ಓಣಿ. ಒಂದೇ ಜಾಗವನ್ನು ನಿಂತು ಒಮ್ಮೆ, ನೆಲದಲ್ಲಿ ಕೂತು ಒಮ್ಮೆ. ಆಮೇಲೆ ಟೂ-ಪಾಯಿಂಟ್‌ಗೆ ಹೋಗಿ, ಅದನ್ನೂ ಚಿಕ್ಕ ಕಟ್ಟಡದಿಂದ ಶುರು ಮಾಡಿ, ಊರಿನ ಬಸ್ ಶೆಲ್ಟರ್ ಒಳ್ಳೆಯ ವಿಷಯ. ಪ್ರತಿ ಹಾಳೆಯ ಮೂಲೆಯಲ್ಲಿ ಬೆರಳುಗುರಿನಷ್ಟು ಪ್ಲಾನ್ ಹಾಕಿ ನೀವು ನಿಂತ ಜಾಗಕ್ಕೆ ಚುಕ್ಕೆ, ನೋಡಿದ ದಿಕ್ಕಿಗೆ ಬಾಣ, ಪಕ್ಕದಲ್ಲಿ ಕಣ್ಣಿನ ಎತ್ತರ ಬರೆಯಿರಿ. ಗೆರೆ ಎಳೆಯುವ ಮುಂಚೆಯೇ ಬರೆಯಿರಿ, ಮುಗಿದ ಮೇಲೆ ಅಲ್ಲ. ಸ್ಟುಡಿಯೋ ಶೀಟಿಗೂ ಇದನ್ನೇ ಮಾಡಿ, ಪ್ಲಾನ್ ಮೇಲೆ ಆ ಚುಕ್ಕೆ ಗೋಡೆಯೊಳಗೋ ಪಕ್ಕದ ಸೈಟಿನಲ್ಲೋ ಬಿದ್ದರೆ ಅಲ್ಲಿಂದ ಯಾರೂ ನಿಮ್ಮ ಕಟ್ಟಡ ನೋಡುವುದಿಲ್ಲ, ಬೇರೆ ಜಾಗ ಹುಡುಕಿ. ಗೇಟಿನ ಹತ್ತಿರ, ರಸ್ತೆ ತಿರುವಿನಲ್ಲಿ, ಮೆಟ್ಟಿಲ ಮೇಲೆ, ಜನ ನಿಜಕ್ಕೂ ನಿಲ್ಲುವ ಕಡೆ.